ಬೊರೋಕಾಳ ಮೈ ಉಜ್ಜುವ ಕೆಲಸ

ಸೊಂಟ ಮುರಿದುಕೊಂಡು ಆಸ್ಪತ್ರೆಗೆ ಹೊರಟಾಗಲೂ ಗಾಶ್ಪಾರನಿಗೆ ತನ್ನ ನೋವಿಗಿಂತ ನಾಯಿಯದೇ ಚಿಂತೆ. ಸ್ಟ್ರೆಚರಿನ ಮೇಲಿಂದಲೇ ಸೊಸೆ ಎತೆಲ್ಕಾಳ ಕೈ ಹಿಡಿದು, "ಬೊರೋಕಾನ ದಿನಾ ಉಜ್ಜಬೇಕು ಕಣಮ್ಮ. ರಬ್ಬರ್ ಬ್ರಷ್ಷು ಬಾಗಿಲ ಹಿಂದಿದೆ. ಕಿವಿ, ಕಂಕುಳು, ಬೆರಳಸಂದಿ ಎಲ್ಲಾ ಕೈಯಾಡಿಸಿ ನೋಡು," ಎಂದಿದ್ದ.

ಬೊರೋಕಾ ಅವನ ಬೇಟೆನಾಯಿ, ವಿಜ್ಲಾ ತಳಿ. ತುಕ್ಕಿನ ಬಣ್ಣದ ಕೂದಲು ಮೈಗೆ ಅಂಟಿಸಿದಷ್ಟು ಗಿಡ್ಡ. ಉಜ್ಜುವುದಕ್ಕೆ ಇದರಲ್ಲಿ ಏನಿದೆ ಎನ್ನಿಸಿತು ಎತೆಲ್ಕಾಗೆ. ಒಂದೆರಡು ದಿನ ಉಜ್ಜಿದಳು. ತೋಟದಲ್ಲಿ ಚೆರ್ರಿ ಹಣ್ಣಿನ ಕೊಯ್ಲು ಶುರುವಾದ ಮೇಲೆ ಬಿಟ್ಟೇಬಿಟ್ಟಳು. ಮಾವ ಫೋನ್ ಮಾಡಿ ಕೇಳಿದಾಗಲೆಲ್ಲ, "ಹೂಂ ಮಾವ, ಉಜ್ಜಿದೆ," ಎನ್ನುತ್ತಿದ್ದಳು.

ಒಂದು ಭಾನುವಾರ ಬೆಳಗ್ಗೆ ಬೊರೋಕಾ ಊಟದ ತಟ್ಟೆಯತ್ತ ತಿರುಗಿಯೂ ನೋಡಲಿಲ್ಲ.

"ಅಪ್ಪನ್ನ ನೆನೆಸ್ಕೊಂಡಿರುತ್ತೆ ಬಿಡು," ಎಂದ ಗಂಡ ಲೋರಿಂಟ್ಸ್.

ಎತೆಲ್ಕಾಗೆ ಅಳುಕು. ಬ್ರಷ್ಷು ತಂದು ನಾಯಿಯ ಪಕ್ಕ ಕೂತಳು. ಮುಂಗಾಲಿನ ಕಂಕುಳಲ್ಲಿ ಬೆರಳಿಗೆ ಗಂಟಿನಂಥದ್ದು ತಗುಲಿತು. ಬಗ್ಗಿ ನೋಡಿದರೆ ಉಣ್ಣಿ, ರಕ್ತ ಕುಡಿದು ಬಟಾಣಿಯಷ್ಟು ಊದಿತ್ತು. ತುಟಿ ಎತ್ತಿದಳು, ವಸಡು ಬಿಳಿಚಿತ್ತು. ಅಂಗಳಕ್ಕೆ ಕರೆದೊಯ್ದಳು. ನಾಯಿಯ ಉಚ್ಚೆ ಕರಿಕಾಫಿಯ ಬಣ್ಣಕ್ಕಿತ್ತು.

"ಕಾರು ತೆಗಿ," ಎಂದಳು ಗಂಡನಿಗೆ. ಅವನು ಕೀಲಿಕೈ ತೆಗೆದುಕೊಂಡ.

ಪಕ್ಕದೂರಿನ ನಾಯಿ ಡಾಕ್ಟರು ವಿಲ್ಮಾ ಹಿಟ್ಟಿನ ಕೈಯಲ್ಲೇ ಬಾಗಿಲು ತೆರೆದಳು. ಕೈ ತೊಳೆದು, ಉಣ್ಣಿ ಕಿತ್ತು, ಸೂಜಿ ಚುಚ್ಚಿ, ಡ್ರಿಪ್ ಹಾಕಿದಳು.

"ಉಣ್ಣಿ ಯಾವಾಗಿಂದ ಕಚ್ಕೊಂಡಿತ್ತು?"

"ಗೊತ್ತಿಲ್ಲ."

"ದಿನಾ ನೋಡ್ತಿರಲಿಲ್ವಾ?"

"ಇಲ್ಲ," ಎಂದಳು ಎತೆಲ್ಕಾ.

"ಉಣ್ಣಿಯಿಂದ ರೋಗ ರಕ್ತಕ್ಕೆ ಇಳಿದಿದೆ. ಸಂಜೆಯೊಳಗೆ ತಲೆ ಎತ್ತಿದ್ರೆ ಉಳೀತು ಅಂದ್ಕೊ."

ಅಷ್ಟರಲ್ಲಿ ಮಾವನ ಫೋನ್ ಬಂತು. ಲೋರಿಂಟ್ಸ್ ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿದ. ಅವಳು ಎತ್ತಿಕೊಂಡಳು.

"ಉಜ್ಜಿದ್ಯಾ?"

"ಇಲ್ಲ ಮಾವ. ಇಷ್ಟು ದಿನಾನೂ ಸುಳ್ಳು ಹೇಳ್ದೆ. ಉಣ್ಣಿ ಕಚ್ಚಿ ಹುಷಾರು ತಪ್ಪಿದೆ. ಡಾಕ್ಟರ ಹತ್ರ ಇದೀವಿ."



"ಕಿವಿ ಹಿಂದೆ ಕೈ ಇಟ್ಟಿರು," ಎಂದ ಮಾವ. "ಅಲ್ಲಿ ಮುಟ್ಟಿದ್ರೆ ಅದಕ್ಕೆ ಸಮಾಧಾನ. ಕೈ ತೆಗೀಬೇಡ. ನಿನ್ನ ವಿಷಯ ಆಮೇಲೆ."

ಅವಳು ನೆಲದ ಮೇಲೆ ಕೂತು ಕೈ ಇಟ್ಟಳು. ತೋಳು ಜೋಮು ಹಿಡಿದರೂ ತೆಗೆಯಲಿಲ್ಲ. ಕೈಯಡಿಯಲ್ಲಿ ನಾಯಿಯ ಮೈ ಕೆಂಡ. ಒಮ್ಮೊಮ್ಮೆ ಉಸಿರು ನಿಂತಂತಾದಾಗ ಅವಳು ಬಗ್ಗಿ ಅದರ ಮೂಗಿನ ಹತ್ತಿರ ಕೆನ್ನೆ ಒಡ್ಡುತ್ತಿದ್ದಳು. ಕಿಟಕಿಯ ಬಿಸಿಲು ಗೋಡೆ ಹತ್ತಿ ಮಾಯವಾಗುವ ಹೊತ್ತಿಗೆ ಬೊರೋಕಾ ತಲೆ ಎತ್ತಿ ಅವಳ ಮಣಿಕಟ್ಟನ್ನು ಮೂಸಿತು, ಬಟ್ಟಲಿನ ನೀರು ನೆಕ್ಕಿತು. ಎತೆಲ್ಕಾ ಮಾವನಿಗೆ ಫೋನ್ ಮಾಡಿ ಹೇಳಿದಳು. "ಸರಿ," ಎಂದು ಅವನು ಫೋನಿಟ್ಟ.

ಊರುಗೋಲೂರಿ ಮನೆಗೆ ಬಂದ ಮೇಲೂ ಗಾಶ್ಪಾರ್ ಸೊಸೆಯೊಡನೆ ಬಹುಕಾಲ ನಾಯಿಯ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಬಗ್ಗಲಾಗದೆ ಬೆಂಚಿನ ಮೇಲೆ ಕೂತು, ದಿನಾ ಬೆಳಗ್ಗೆ ಅವಳು ನಾಯಿಯ ಮೈ ನೋಡುವುದನ್ನೇ ದಿಟ್ಟಿಸುತ್ತಿದ್ದ.

"ಬಾಲದ ಬುಡ ನೋಡಿದ್ಯಾ?"

"ಇನ್ನೂ ಇಲ್ಲ ಮಾವ. ಈಗ ನೋಡ್ತೀನಿ."