ಬೇಗಲ್ಲಿಗೆ ಪಂಕ್ಚರ್

ಹೇಳದೆ ಕೇಳದೆ ಮದುವೆಯಾಗಿದ್ದಕ್ಕೆ ಮಾವ ನನ್ನ ಜೊತೆ ಮಾತು ಬಿಟ್ಟಿದ್ದರು. ಮಗಳನ್ನು ಬಿಟ್ಟಿರಲಾರದೆ ಇಬ್ಬರನ್ನೂ ಮನೆಗೆ ಸೇರಿಸಿಕೊಂಡಿದ್ದರು, ಅಷ್ಟೇ. ಉಪ್ಪಿನ ಡಬ್ಬಿ ನನ್ನ ಮೊಣಕೈ ಪಕ್ಕದಲ್ಲಿದ್ದರೂ, "ಆ ಕಡೆ ಕೂತವರ ಹತ್ರ ಉಪ್ಪಿದೆಯೇನೋ ಕೇಳಮ್ಮ" ಎಂದು ಮಗಳಿಗೆ ಹೇಳುವರು. ನನಗೆ ಅವರಿಂದ ಒಂದೇ ಒಂದು ಮಾತು ಬೇಕಿತ್ತು, ಬೈಗುಳವಾದರೂ ಸರಿ.

ಮಾವನಿಗೆ ಬೇಗಲ್ ಎಂದರೆ ಪ್ರಾಣ ಎಂದು ಹೆಂಡತಿ ಹೇಳಿದಳು. ಬಳೆಯಂತೆ ದುಂಡಗಿದ್ದು, ಜಗಿದರೆ ದವಡೆಗೆ ಕೆಲಸ ಕೊಡುವ ಆ ಬ್ರೆಡ್ಡನ್ನು ಮನೆಯಲ್ಲೇ ಮಾಡಿ ಅವರ ಬಾಯಿ ಬಿಡಿಸುತ್ತೇನೆಂದು ಪಣ ತೊಟ್ಟೆ. ನಾನು ಟೈಲರ್; ಅಳತೆ ಗೊತ್ತು, ಹಿಟ್ಟು ಗೊತ್ತಿಲ್ಲ. ಭಾನುವಾರ ಮೈದಾ, ಯೀಸ್ಟ್, ಉಪ್ಪು, ಸಕ್ಕರೆ ಕಲಸಿ ರಟ್ಟೆ ಬಿದ್ದುಹೋಗುವಷ್ಟು ನಾದಿದೆ. ಹಿಟ್ಟು ಉಬ್ಬಿದ ಮೇಲೆ ಉಂಡೆ ಮಾಡಿ, ನಡುವೆ ಬೆರಳು ತೂರಿಸಿ ತಿರುಗಿಸಿದೆ. ಕೆಲವು ಬಳೆಯಾದವು, ಕೆಲವು ಬಕೆಟ್ಟಿನ ಹಿಡಿಯಾದವು. ಓವನ್ನಿಗೆ ಹಾಕುವ ಮುಂಚೆ ಕುದಿಯುವ ನೀರಲ್ಲಿ ಮುಳುಗಿಸಬೇಕಂತೆ. ಮುಳುಗಿಸಿದೆ.

ಅಷ್ಟರಲ್ಲಿ ನೀರು ಕುಡಿಯಲು ಮಾವ ಒಳಬಂದರು. ಅವರದು ಪಂಕ್ಚರ್ ಅಂಗಡಿ. ಟ್ಯೂಬನ್ನು ತೊಟ್ಟಿಗೆ ಅದ್ದಿ ಗುಳ್ಳೆ ಎಲ್ಲೇಳುತ್ತದೆಂದು ನೋಡುವುದರಲ್ಲೇ ಅವರ ಆಯಸ್ಸು ಕಳೆದಿದೆ. ಪಾತ್ರೆಗೆ ಇಣುಕಿದರು. ಉಂಗುರ, ನೀರು, ಉಂಗುರದ ಪಕ್ಕದಿಂದ ಗುಳುಗುಳು ಗುಳ್ಳೆ.

"ಲೀಕು! ಏನ್ ನೋಡ್ತಾ ನಿಂತಿದ್ದೀಯೋ? ತೆಗಿ ತೆಗಿ, ಗಾಳಿ ಹೋಗ್ತಾ ಇದೆ!"

ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಹೇಳಿದ್ದು ನನಗೇ! ಕುದಿಯುವ ನೀರಲ್ಲಿ ಗುಳ್ಳೆ ಏಳದೆ ಇನ್ನೇನು ಏಳುತ್ತದೆ ಎಂದು ವಾದಿಸುವಷ್ಟು ದಡ್ಡ ನಾನಲ್ಲ.

ಸೌಟಿನಿಂದ ಉಂಗುರವನ್ನು ಎತ್ತಿ ತಟ್ಟೆಗೆ ಹಾಕಿದೆ. "ಎಲ್ಲಿ ಮಾವ?"

"ಕಣ್ಣೇನು ಕುರುಡಾ? ಇಲ್ಲಿ! ಒರೆಸು, ಒದ್ದೆ ಮೇಲೆ ಪ್ಯಾಚ್ ಕೂರಲ್ಲ. ಸ್ವಲ್ಪ ಕೆರಿ. ಹಾಂ, ಈಗ ಹಿಟ್ಟು ಕೊಡು."

ಹಿಟ್ಟಿನ ಚೂರನ್ನು ತಟ್ಟಿ, ಅಂಟಿಸಿ, ಲಟ್ಟಣಿಗೆಯಿಂದ ಕುಟ್ಟಿದರು. ಮತ್ತೆ ನೀರಿಗೆ. ಇನ್ನೊಂದು ಕಡೆ ಗುಳ್ಳೆ, ಇನ್ನೊಂದು ಪ್ಯಾಚು. ಒಂದನ್ನೂ ಬಿಡದೆ ರಿಪೇರಿ ಮಾಡಿದರು. ಉತ್ಸಾಹದಲ್ಲಿ ನಡುವಿನ ತೂತನ್ನೂ ಮುಚ್ಚಲು ಹೋದಾಗ ಮಾತ್ರ ನಾನು ಅವರ ಕೈ ಹಿಡಿದುಕೊಳ್ಳಬೇಕಾಯಿತು. ಗದ್ದಲ ಕೇಳಿ ಬಂದ ನನ್ನ ಹೆಂಡತಿ ನಗು ತಡೆಯಲಾರದೆ ಹೊರಗೆ ಓಡಿದಳು.

ಬೆಂದ ಬೇಗಲ್ಲುಗಳು ಕೆಂಪಗೆ, ಗಂಟುಗಂಟಾಗಿ ಮೇಜಿಗೆ ಬಂದವು. ಮಾವ ದೊಡ್ಡದನ್ನೇ ಎತ್ತಿ ಕಚ್ಚಿ ಎಳೆದರು. ಬೇಗಲ್ ಕೈಯಲ್ಲೇ ಉಳಿಯಿತು, ಪ್ಯಾಚು ಹಲ್ಲಿಗೆ ಬಂತು.

ಪಂಕ್ಚರ್ ಅಂಗಡಿಯವರ ಪ್ಯಾಚು ಕಿತ್ತು ಬಂದರೆ ಮಾನ ಹೋದಂತೆ. ಮಾವ ಮಗಳ ಕಡೆ ನೋಡಿದರು. ನನ್ನ ಜೊತೆಗಿನ ಮಾತುಕತೆ ಮುಗಿಯಿತು, ಇನ್ನು ಮತ್ತೆ ಮಗಳ ಮೂಲಕವೇ ಅಂದುಕೊಂಡೆ.

ಆದರೆ ಅವರು ನನ್ನತ್ತ ತಿರುಗಿ, "ಇದು ನೀನು ಹಚ್ಚಿದ್ದು ತಾನೆ?" ಅಂದರು.

ನಾನು ಒಂದು ಪ್ಯಾಚನ್ನೂ ಹಚ್ಚಿರಲಿಲ್ಲ.

"ಹೌದು ಮಾವ, ನಾನೇ."

"ಅದಕ್ಕೇ! ಎಲ್ಲದಕ್ಕೂ ಅವಸರ ನಿಂಗೆ. ಮದುವೇಲೂ ಹಾಗೇ ಮಾಡ್ದೆ. ಬಂದು ಒಂದ್ ಮಾತು ಕೇಳಿದ್ರೆ ನಾನೇನು ಬೇಡ ಅಂತಿದ್ನಾ?"

"ತಪ್ಪಾಯ್ತು ಮಾವ."

ಗಂಟಲು ಒಣಗುವವರೆಗೂ ಬೈದರು. ನಾನು ಓಡಿಹೋಗಿ ನೀರು ತಂದುಕೊಟ್ಟೆ. ಕುಡಿದು, ಮತ್ತೆ ಬೈದರು.