ಬಾಲರಾಜು ಎದ್ದು ನಿಂತುಬಿಟ್ಟ

ನಮ್ಮ ಕಡೆ ವೀಳ್ಯ ಬದಲಾಯಿಸಿಕೊಂಡ ಮೇಲೆ ಧಾರೆಯ ದಿನದವರೆಗೂ ಹುಡುಗ ಹುಡುಗಿ ಒಬ್ಬರ ಮುಖ ಒಬ್ಬರು ನೋಡುವ ಹಾಗಿಲ್ಲ. ಬೇರೆ ಮನೆಗಳಲ್ಲಿ ಇದು ಸಡಿಲವಾಗಿದ್ದೀತು. ನಮ್ಮಲ್ಲಿ ಹನುಮಂತಯ್ಯ ಮಾವ ಇದ್ದರು, ನಮ್ಮಮ್ಮನ ಅಣ್ಣ. ಮಗಳು ಲತಾಮಣಿ, ಗೊತ್ತಾದ ಹುಡುಗನ ಜೊತೆ ಮಾಗಡಿಯಲ್ಲಿ ಒಂದು ಮ್ಯಾಟಿನಿ ನೋಡಿದಳು ಅಂತ ತಿಳಿದ ಸಂಜೆಯೇ ಅವರು ವೀಳ್ಯ ವಾಪಸು ಕಳಿಸಿದ್ದರು. ಅದಾಗಿ ಮೂರು ವರ್ಷ. ಆಮೇಲೆ ಬಂದ ಗಂಡುಗಳೆಲ್ಲ 'ಮೊದಲನೇದು ಯಾಕೆ ಮುರೀತು' ಅಂತ ಕೇಳಿ, ಕಾಫಿ ಕುಡಿದು ಹೋದವು. ಲತಕ್ಕ ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ಕೂತಿದ್ದಳು.

ನನಗೆ ಬಾಲರಾಜುವನ್ನು ಗೊತ್ತು ಮಾಡಿದವರೂ ಇದೇ ಮಾವ. ಧಾರೆ ಶ್ರಾವಣಕ್ಕೆ ಅಂತಿತ್ತು. ಇಷ್ಟೆಲ್ಲ ಗೊತ್ತಿದ್ದೂ ನಾನು ಹೋದೆ ನೋಡಿ.

ಎರಡು ಸಾವಿರದ ಆರನೇ ಇಸವಿ. ನಾನು ಬಿಡದಿಯ ಒಂದು ವೈರ್ ಫ್ಯಾಕ್ಟರಿಯಲ್ಲಿದ್ದೆ, ಬಾಲರಾಜು ಅಲ್ಲೇ ಹತ್ತಿರ ಕಾರಿಗೆ ಬಣ್ಣ ಹೊಡೆಯುವ ಕಡೆ. ಫೋನ್ ಮಾಡಿದ.

"ನಮ್ಮ ಟೀಮಿಗೆ ಬಹುಮಾನ ಬಂದೈತೆ ಅನು. ಇಬ್ಬರಿಗೆ ಕೂಪನ್ನು. ಮೈಸೂರು ರೋಡಿನಾಗೆ ಹೊಸ ಹೋಟ್ಲು, ಜಾಝ್ ಲೌಂಜ್ ಅಂತೆ."

"ಹಂಗಂದ್ರೆ?"

"ಒಸಿ ಕತ್ತಲೆ, ಮ್ಯೂಜಿಕ್ಕು, ಕಾಕ್‌ಟೇಲು. ಮ್ಯಾನೇಜರುಗಳು, ಜಪಾನಿನೋರು ಬತ್ತಾರೆ. ನಮ್ಮೋರು ಒಬ್ಬರೂ ಅಲ್ಲಿಗೆ ಕಾಲಿಡಾಕಿಲ್ಲ ಕಣೆ."

ಮನೆಯಲ್ಲಿ ಓವರ್‌ಟೈಮ್ ಅಂತ ಹೇಳಿ, ಶಿಫ್ಟು ಬಿಟ್ಟ ಕೂಡಲೇ ಹೋದೆ.

ಒಳಗೆ ಎಂಟೋ ಹತ್ತೋ ಪುಟ್ಟ ಟೇಬಲ್ಲು. ಒಂದೊಂದಕ್ಕೂ ಒಂದೇ ಮೇಣದ ದೀಪ. ಎದುರಿಗೆ ಒಬ್ಬ ಆಳೆತ್ತರದ ಪಿಟೀಲನ್ನು ತಬ್ಬಿಕೊಂಡು ಮೀಟುತ್ತಿದ್ದ, ಇನ್ನೊಬ್ಬ ಕಣ್ಣು ಮುಚ್ಚಿ ಸ್ಯಾಕ್ಸೊಫೋನ್ ಊದುತ್ತಿದ್ದ. ಬಾಲರಾಜು ಕೂಪನ್ ತೋರಿಸಿ, "ಮೇಡಮ್‌ಗೆ ಎಣ್ಣೆ ಹಾಕದೇ ಇರೋದು ಕೊಡಿ" ಅಂದ. ಪುದೀನ ಎಲೆ ತೇಲಿಬಿಟ್ಟ ನಿಂಬೆ ಶರಬತ್ತು ಬಂತು. ಅವನ ಲೋಟಕ್ಕೆ ಕಾಗದದ ಪುಟ್ಟ ಕೊಡೆ ಚುಚ್ಚಿದ್ದರು. ನಗು ಬರಬೇಕಿತ್ತು. ಆದರೆ ಬಾಗಿಲು ತೆರೆದಾಗಲೆಲ್ಲ ನಾನು ಅತ್ತ ತಿರುಗುತ್ತಿದ್ದೆ.

ನಾಲ್ಕನೇ ಸಲ ಬಾಗಿಲು ತೆರೆದಾಗ ಬಿಳಿ ಪಂಚೆ ಕಂಡಿತು. ಹೆಗಲ ಮೇಲೆ ಟವಲ್ಲು. ಹಿಂದೆ ರೇಷ್ಮೆ ಸೀರೆಯುಟ್ಟ ಅವರ ಹೆಂಡತಿ, ಸರಸಮ್ಮತ್ತೆ.

"ಮಾವ," ಅಂತ ಬಾಲರಾಜುವಿಗೆ ಪಿಸುಗುಟ್ಟಿದೆ. "ತಲೆ ಎತ್ತಬೇಡಿ."

ವೇಟರ್ ಅವರನ್ನು ನಮಗಿಂತ ಮೂರು ಟೇಬಲ್ ಮುಂದೆ ಕೂರಿಸಿದ. ನಾನು ದೀಪ ಊದಿ ಆರಿಸಿದೆ. ಬಾಗಿಲಿಗೆ ಹದಿನೈದು ಹೆಜ್ಜೆ ಇರಬಹುದು. ಅವರು ಮೆನು ಬಿಚ್ಚಿದ ತಕ್ಷಣ ಗೋಡೆ ಹಿಡಿದು ಜಾರಿಬಿಡಬೇಕು. ಬ್ಯಾಗು ಹೆಗಲಿಗೆ ಹಾಕಿಕೊಂಡು ಕಾದೆ. ಆಗಲೇ ಮಾವ ರೂಮೆಲ್ಲ ನೋಡೋಣ ಅಂತ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದರು.

ಬಾಲರಾಜು ಎದ್ದು ನಿಂತುಬಿಟ್ಟ!

ಬೇಕು ಅಂತ ನಿಂತದ್ದಲ್ಲ ಪಾಪ. ಹಿರಿಯರ ಕಣ್ಣು ಈ ಕಡೆ ತಿರುಗಿದರೆ ಎದ್ದು ನಿಲ್ಲಬೇಕು ಅಂತ ಹುಟ್ಟಿದಾಗಿನಿಂದ ಕಲಿತ ಮೈ, ತಾನಾಗಿ ಎದ್ದಿತು. ಕೈ ಬೇರೆ ಮುಗಿದಿದ್ದ. ಸರಿಯಾಗಿ ಆಗಲೇ ಹಾಡೂ ಮುಗಿಯಿತು. ಊದುತ್ತಿದ್ದವನು ಇದು ತನಗೇ ಮಾಡಿದ ಮರ್ಯಾದೆ ಅಂದುಕೊಂಡು ಬಗ್ಗಿ ನಮಸ್ಕರಿಸಿದ. ಇಬ್ಬರು ಜಪಾನಿನವರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ರೂಮೆಲ್ಲ ನಮ್ಮನ್ನೇ ನೋಡಿತು.

ಮಾವ ನಿಧಾನಕ್ಕೆ ನಮ್ಮ ಟೇಬಲ್ಲಿಗೆ ಬಂದರು.

"ನಾಳೆ ಬೆಳಿಗ್ಗೆ ಗುಡೇಮಾರನಹಳ್ಳಿಗೆ, ನಿಮ್ಮನೆಗೆ ಬತ್ತೀನಿ ಅಂತ ನಿಮ್ಮಪ್ಪಂಗೆ ಹೇಳು," ಅಂದರು ನನಗೆ. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

"ಮಾವ, ತಪ್ಪು ನಂದು," ಅಂದ ಬಾಲರಾಜು.

"ನಿನ್ನ ಯಾರೂ ಕೇಳ್ನಿಲ್ಲ."

ಲತಕ್ಕನಿಗೆ ಗೊತ್ತಾಗಿದ್ದ ಹುಡುಗನ ಮನೆಗೂ ಹೀಗೇ ತಣ್ಣಗೆ ಹೇಳಿಕಳಿಸಿದ್ದರು. ಅಮ್ಮ ಗೋಡೆಗೆ ಒರಗಿ ಅಳುವುದು ನನಗೆ ಆಗಲೇ ಕಾಣುತ್ತಿತ್ತು.

ಅಷ್ಟರಲ್ಲಿ ಸರಸಮ್ಮತ್ತೆ ಬಂದು, ಬಾಲರಾಜುವಿನ ಖಾಲಿ ಕುರ್ಚಿಯಲ್ಲಿ ಸೆರಗು ಸರಿಮಾಡಿಕೊಂಡು ಕೂತರು.

"ನೋಡವ್ವ ಅನು, ಇದು ನಮ್ಮ ರಾಗಿ ಹೊಲ ಇದ್ದ ಜಾಗ. ಮಾರಿದ ಮ್ಯಾಲೆ ಏನು ಕಟ್ಟವ್ರೆ ತೋರ್ಸಿ ಅಂತ ನಾನು ವರ್ಷದಿಂದ ಬಡ್ಕೊಂಡಿದ್ದಕ್ಕೆ ಇವತ್ತು ನಿಮ್ಮಾವ ಕರ್ಕಂಬಂದವ್ರೆ." ಆಮೇಲೆ ಮಾವನ ಕಡೆ ತಿರುಗಿದರು. "ನಾಳೆ ಹೋಗಿ, ವೀಳ್ಯ ಮುರೀರಿ. ನಾನೂ ಜೊತೇಲಿ ಬತ್ತೀನಿ. ಎಲ್ಲಿ ನೋಡಿದ್ರಿ ಅಂತ ನಿಮ್ಮ ಬಾವ ಕೇಳ್ತಾರಲ್ಲ? ಎಣ್ಣೆ ಅಂಗಡೀಲಿ, ನಾವೂ ಜೋಡೀಲಿ ಕುಂತಿದ್ವಿ ಅಂತ ಹೇಳ್ತೀನಿ."

"ಸರಸೂ, ಬಾಯಿ ಮುಚ್ಚು."

"ಲತಾಮಣೀದು ಮುರಿದಾಗ ಮುಚ್ಚಿದ್ದೆ. ಮೂರು ವರ್ಷದಿಂದ ಆ ಮಿಷನ್ ಸದ್ದು ಕೇಳ್ತಾವ್ನಿ. ಇನ್ನೊಂದು ಮನೇಲಿ ಅದು ಬ್ಯಾಡ."

ಮಾವ ಹೆಗಲ ಟವಲ್ಲು ತೆಗೆದು ಮುಖ ಒರೆಸಿಕೊಂಡರು. ಸ್ಯಾಕ್ಸೊಫೋನ್ ಮತ್ತೆ ಶುರುವಾಯಿತು.

"ಶ್ರಾವಣದವರ್ಗೂ ಇವರನ್ನ ಕಾಯಕ್ಕಾಗಕಿಲ್ಲ," ಅಂದರು ಕಡೆಗೆ. "ಆಷಾಢ ಹುಟ್ಟೋದರೊಳಗೆ ಧಾರೆ ಮುಗಿಸ್ಬುಡಾನ. ಲೋ, ನೀನು ಮೊದ್ಲು ಹೊರಡ್ಲಾ. ಹುಡುಗೀನ ನಾನು ಮನೆಗೆ ಬುಡ್ತೀನಿ."

ಮಾವ ತಮ್ಮ ಓಮ್ನಿ ವ್ಯಾನು ಓಡಿಸಿದರು. ಅತ್ತೆ ಹಿಂದೆ ನನ್ನ ಕೈ ಹಿಡಿದುಕೊಂಡೇ ಕೂತಿದ್ದರು. ಊರ ಮುಂದೆ ಗಾಡಿ ನಿಲ್ಲಿಸಿ, ಮಾವ ಕನ್ನಡಿಯಲ್ಲಿ ನನ್ನನ್ನು ನೋಡಿದರು.

"ನೋಡೂ ಬುಟ್ಟೆ ಅಂತ ಲತಾಮಣಿಗೆ ಹೇಳಬ್ಯಾಡ ಮಗ."

ಅವರ ದನಿಯಲ್ಲಿ ನಾನು ಹೆದರಿಕೆ ಕೇಳಿದ್ದು ಅದೇ ಮೊದಲು. ಹೂಂ ಅಂದೆ. ಭಾನುವಾರ ಮದುವೆ ರವಿಕೆಯ ಅಳತೆ ಕೊಡುವುದಕ್ಕೆ ಲತಕ್ಕನ ಮುಂದೆ ನಾನು ನಿಲ್ಲಬೇಕಿತ್ತು.