ಒಂಬತ್ತನೆಯ ಸಿಲಿಂಡರು

ಯುದ್ಧದ ಕಾಲದಲ್ಲಿ ನಾನು ಬೆಂಗಳೂರಿನ ಮಿಲಿಟರಿ ಡಿಪೋದಲ್ಲಿ ಲಾರಿ ತೊಳೆಯುತ್ತಿದ್ದೆ. ಯುದ್ಧ ಮುಗಿದು ಮೈಸೂರಿನಲ್ಲಿ ರೈಲು ಇಳಿಯುವಷ್ಟರಲ್ಲಿ ಎಂಜಿನ್ ಪಂಡಿತನಾಗಿಬಿಟ್ಟಿದ್ದೆ. ದಾರಿಯಲ್ಲಿ ಅದೇನಾಯಿತೋ ನನಗೂ ತಿಳಿಯದು.

ಸ್ವಾತಂತ್ರ್ಯ ಬಂದ ಮರುವರ್ಷ ಚಾಮುಂಡಿಪುರದಲ್ಲಿ, ನಂಜನಗೂಡು ರಸ್ತೆಯ ಪಕ್ಕದ ಹೆಂಚಿನ ಕೊಟ್ಟಿಗೆಯೊಂದರಲ್ಲಿ ಹಿಟ್ಟಿನ ಗಿರಣಿ ಇಡಲು ಹೊರಟೆ. ಕೊಟ್ಟಿಗೆ ನನ್ನ ಸೋದರಮಾವ ಚೆಲುವರಾಜು ಅವರದು. ಮಂಡಕಳ್ಳಿಯಲ್ಲಿ ಹೊಲ ಮಾಡಿಕೊಂಡಿದ್ದ ಅವರು ಮಗಳು ದೇವಿರಮ್ಮನನ್ನೂ ನನಗೇ ಕೊಟ್ಟಿದ್ದರು. ಕೊಟ್ಟಿಗೆಯ ಬೀಗದ ಕೈ ಕೊಡುವಾಗ ಒಂದು ಮಾತು ಹೇಳಿದರು.

"ಗೌರಿ ಹಬ್ಬಕ್ಕೆ ಮಗಳಿಗೆ ಬಾಗಿನ ತತ್ತೀನಿ. ಅಷ್ಟೊತ್ಗೆ ಮಿಷನ್ ಮುಂದೆ ಜನ ಕಾಣ್ನಿಲ್ಲ ಅಂದ್ರೆ ಬೀಗ ಜಡ್ದು ಇಬ್ರೂ ಮಂಡಕಳ್ಳಿಗೆ ಬಂದ್ಬುಡಿ. ನೇಗ್ಲು ಕಾಯ್ತಾ ಅದೆ."

ನೇಗಿಲೆಂದರೆ ನನಗೆ ಎದೆ ನಡುಕ. ಹಿಂದೊಮ್ಮೆ ನಾನು ಉತ್ತ ಸಾಲನ್ನು ನೋಡಲು ಊರಿನ ಜನ ಊಟ ಬಿಟ್ಟು ಬಂದಿದ್ದರು. ಆ ನಗೆಯೊಳಕ್ಕೆ ಮತ್ತೆ ಹೋಗಿ ಬದುಕುವುದು ನನ್ನಿಂದಾಗದ ಮಾತು. ಗಿರಣಿ ನಡೆಯಲೇಬೇಕಿತ್ತು.

ಯಾವ ಎಂಜಿನ್ ಎಂಬುದಕ್ಕೆ ಮೂರು ಪಕ್ಷಗಳಾದವು. ಒಂಟಿ ಸಿಲಿಂಡರೇ ಆಗಬೇಕೆಂದು ಮಾವ. ಯಾಕೆಂದರೆ ಅಗ್ರಹಾರದ ಹಳೆಯ ಗಿರಣಿಯಲ್ಲಿ ಅದೇ ಇತ್ತು. ಅವರ ಬಳಿ ಬೇರೆ ಕಾರಣ ಇರಲಿಲ್ಲ. ನನ್ನ ಗೆಳೆಯ ಸವರಿಯಪ್ಪ ಚರ್ಚಿನ ಹಿಂದಿನ ಬೀದಿಯವನು, ಬಸ್ಸು ರಿಪೇರಿ ಅವನ ಕಸುಬು. ಅವನದು ಸಾಲು ಎಂಜಿನ್ ಪಕ್ಷ. "ನಾಕು ಸಿಲಿಂಡರೂ ಒಂದೇ ಸಾಲಲ್ಲಿ ನಿಂತಿರ್ತವೆ ಕಣೋ. ಯಾವ್ದು ಕೆಟ್ರೂ ಕೈಗೆ ಸಿಗ್ತದೆ," ಎನ್ನುತ್ತಿದ್ದ. ನಾನು ವಿ ಆಕಾರದ ಪಕ್ಷ. ಡಿಪೋದಲ್ಲಿ ಅಂಥ ಎಂಟು ಸಿಲಿಂಡರಿನ ಎಂಜಿನ್ನುಗಳ ಮೇಲೆ ಎಷ್ಟೋ ಬಕೆಟ್ಟು ನೀರು ಸುರಿದಿದ್ದೆನಲ್ಲ.

ದೇವಿರಮ್ಮನನ್ನು ಒರಳಿನ ಮುಂದೆ ಕೂರಿಸಿ ಪಾಠ ಹೇಳಿದೆ. ಒಂಟಿ ಸಿಲಿಂಡರು ಅಂದರೆ ಒಬ್ಬಳೇ ಒನಕೆ ಹಿಡಿದು ಕುಟ್ಟುವುದು; ಒಂದು ಏಟು, ಒಂದು ಬಿಡುವು, ಏಟಿಗೊಮ್ಮೆ ಮನೆಯೆಲ್ಲ ಅದುರುತ್ತದೆ. ಸಾಲು ಎಂಜಿನ್ ಅಂದರೆ ನಾಲ್ವರು ಸಾಲಾಗಿ ನಿಂತು ಒಬ್ಬೊಬ್ಬರು ಒಂದೊಂದು ಒರಳಿನಲ್ಲಿ ಸರದಿಯ ಮೇಲೆ ಕುಟ್ಟುವುದು. ಅದುರುವುದು ಕಡಿಮೆ, ಆದರೆ ಉದ್ದಕ್ಕೆ ಜಾಗ ಬೇಕು. ವಿ ಅಂದರೆ ಇಬ್ಬರು ಎದುರುಬದುರು ನಿಂತು, ಒನಕೆ ಓರೆ ಹಿಡಿದು, ಒಂದೇ ಒರಳಿಗೆ ಒಬ್ಬರಾದ ಮೇಲೊಬ್ಬರು ಹಾಕುವುದು. ಅಂಥ ನಾಲ್ಕು ಜೋಡಿ ಸೇರಿದರೆ ಎಂಟು. ಸ್ವಲ್ಪವೇ ಜಾಗ, ಏಟಿನ ಹಿಂದೆ ಏಟು, ನಡುವೆ ಬಿಡುವೇ ಇಲ್ಲ. ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಓಡುತ್ತದೆ ಎಂದೆ.

ದೇವಿರಮ್ಮ ಪೂರ್ತಿ ಕೇಳಿ, "ಎಂಟು ಜನ ಕುಟ್ಟೋಷ್ಟು ರಾಗಿ ಎಲ್ಲದೆ ಕಣ್ರೀ?" ಅಂದಳು. ಇವಳಿಗೆ ಎಂಜಿನ್ ವಿಚಾರ ಹತ್ತುವುದಿಲ್ಲ ಎಂದುಕೊಂಡು ಎದ್ದೆ. ಎಂಥ ಬುದ್ಧಿವಂತ ನಾನು.

ಮಿಲಿಟರಿಯವರ ಹರಾಜಿನಲ್ಲಿ ಲಾರಿಯ ವಿ ಎಂಜಿನ್ ತಂದೆ. ಸವರಿಯಪ್ಪ ಗೊಣಗುತ್ತಲೇ ಅದನ್ನು ಬೀಸುವ ಕಲ್ಲಿಗೆ ಜೋಡಿಸಿ, ಲಾರಿಯ ಸೈಲೆನ್ಸರನ್ನೂ ಕಟ್ಟಿಕೊಟ್ಟ. ಪೂಜೆ ಮಾಡಿ ಚಾಲೂ ಮಾಡಿದಾಗ ಎಂಜಿನ್ ತಲೆಯ ಮೇಲೆ ನೀರು ತುಂಬಿದ ಲೋಟ ಇಟ್ಟು ತೋರಿಸಿದೆ. ಒಂದು ಹನಿ ತುಳುಕಲಿಲ್ಲ. ಸದ್ದಂತೂ ಪಕ್ಕದ ಮನೆಗೂ ಮುಟ್ಟುವಂತಿರಲಿಲ್ಲ. ಹೆಮ್ಮೆಯಿಂದ ನನಗೆ ಕಣ್ಣೀರೇ ಬಂತು.

ಗಿರಾಕಿ ಮಾತ್ರ ಬರಲಿಲ್ಲ. ಆ ದಿನ ಬರಲಿಲ್ಲ, ಆ ವಾರವೂ ಬರಲಿಲ್ಲ. ನಾನು ದಿನವೂ ಬಾಗಿಲಲ್ಲಿ ಕೂತು ಮಂಡಕಳ್ಳಿಯ ದಿಕ್ಕು ನೋಡುತ್ತಿದ್ದೆ. ಹಬ್ಬ ಹತ್ತಿರವಾಗುತ್ತಿತ್ತು.

ಕಡೆಗೆ ಸುದ್ದಿ ತಂದವಳು ದೇವಿರಮ್ಮ. ಯಾಕೆ ಯಾರೂ ಬರಲಿಲ್ಲವೆಂದು ಬೀದಿ ನಲ್ಲಿಯಲ್ಲಿ ಹಿಂದಿನ ಸಾಲಿನ ವೇದವತಿಯನ್ನು ಕೇಳಿದಳಂತೆ. "ನಿಮ್ಮ ಮಿಷನ್ ಶುರುವಾಗ್ಲಿ ಅಂತ ಕಾಯ್ತಾ ಇದೀವಿ ಕಣಮ್ಮ. ರಾಗಿ ಹಸನು ಮಾಡಿ ಕುಕ್ಕೆಗೆ ತುಂಬಿಟ್ಟಿದೀನಿ," ಅಂದಳಂತೆ ಆಕೆ.

ಆಗ ನನ್ನ ತಲೆಗೆ ಬೆಳಕು ಹೊಕ್ಕಿತು. ನಮ್ಮ ಕಡೆ ಗಿರಣಿ ತೆರೆದಿದೆಯೇ ಎಂದು ಯಾರೂ ಹೋಗಿ ನೋಡುವುದಿಲ್ಲ. ಟುಕ್ ಟುಕ್ ಎಂದು ಮೂರು ಬೀದಿಗೆ ಕೇಳಿಸಿದರೆ ಹೆಂಗಸರು ಕುಕ್ಕೆ ಎತ್ತುತ್ತಾರೆ, ನಿಂತರೆ ಇಳಿಸುತ್ತಾರೆ. ಏಟಿಗೂ ಏಟಿಗೂ ನಡುವೆ ಬಿಡುವಿದ್ದುದಕ್ಕೇ ಅಗ್ರಹಾರದ ಒಂಟಿ ಸಿಲಿಂಡರಿನ ಕೂಗು ಅಷ್ಟು ದೂರ ಗುರುತು ಸಿಗುತ್ತಿದ್ದುದು. ಆ ಬಿಡುವನ್ನೇ ನಾನು ಹುಡುಕಿ ಹುಡುಕಿ ತೆಗೆದುಹಾಕಿದ್ದೆ.

ಸೈಲೆನ್ಸರ್ ಬಿಚ್ಚಿ ನೋಡಿದೆ. ಎಂಟೂ ಸೇರಿ ಬಿಡುವಿಲ್ಲದೆ ಗರ್ಜಿಸಿದವು. ಎದುರುಮನೆಯ ಚನ್ನಬಸವಯ್ಯನವರು ಕಿವಿಗೆ ಟವೆಲು ಸುತ್ತಿಕೊಂಡು ಬಂದು, "ನಿಮ್ಮ ಲಾರಿ ಎಷ್ಟೊತ್ತಿಗೆ ಹೊರಡುತ್ತೆ ಮರಿಸ್ವಾಮಿ?" ಎಂದು ಮರ್ಯಾದೆಯಿಂದಲೇ ಕೇಳಿದರು. ಮತ್ತೆ ಕಟ್ಟಿದೆ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ದೇವಿರಮ್ಮ ಒಂದು ಖಾಲಿ ಸೀಮೆಎಣ್ಣೆ ಡಬ್ಬವನ್ನೂ ಮುದ್ದೆ ಕೋಲನ್ನೂ ತಂದು ನನ್ನ ಮುಂದಿಟ್ಟಳು.

"ಬಡೀರಿ."

"ಎಂಗೆ?"

"ಒಬ್ಳೇ ಕುಟ್ದಂಗೆ. ನೀವೇ ಪಾಠ ಹೇಳಿದ್ರಲ್ಲ."

ನಾಚಿಕೆಯಾಯಿತು. ಆದರೂ ಮಂಡಕಳ್ಳಿಯನ್ನು ನೆನೆದು ಬಡಿದೆ. ಒಂದು ಏಟು, ಒಂದು ಬಿಡುವು. ಸ್ವಲ್ಪ ಹೊತ್ತಿಗೆ ತಿರುವಿನಲ್ಲಿ ವೇದವತಿ ಕಾಣಿಸಿದಳು, ತಲೆಯ ಮೇಲೆ ಕುಕ್ಕೆ. ಅವಳ ಹಿಂದೆ ಇಡೀ ಬೀದಿ. ದೇವಿರಮ್ಮ ಒಳಗೆ ಕಾಳು ಸುರಿದು ಹಿಟ್ಟು ಹಿಡಿಯುತ್ತಿದ್ದಳು, ನಾನು ಬಾಗಿಲಲ್ಲಿ ಎಂಜಿನ್ನಾಗಿದ್ದೆ. ಬೆವರು ಒರೆಸಲು ಕೈ ನಿಲ್ಲಿಸಿದರೆ ದೂರದಲ್ಲಿದ್ದವರು ಕುಕ್ಕೆ ಹೊತ್ತು ಹಿಂದಕ್ಕೆ ತಿರುಗುತ್ತಿದ್ದರು.

ಮಧ್ಯಾಹ್ನ ಮಾವ ಬಾಗಿನದ ಮೊರ ಹಿಡಿದು ರಸ್ತೆಯಿಂದಲೇ ನಗುತ್ತಾ ಬಂದರು. "ಕೊನೆಗೂ ಒಂಟಿ ಸಿಲಿಂಡರ್ ಹಾಕ್ಸ್‌ಬುಟ್ಟ ನನ್ನ ಅಳಿಯ," ಎಂದು ಯಾರಿಗೋ ಹೇಳುತ್ತಿದ್ದುದು ಕೇಳಿಸಿತು. ಬಾಗಿಲಿಗೆ ಬಂದು ನಿಂತರು. ಡಬ್ಬ ನೋಡಿದರು, ಮುದ್ದೆ ಕೋಲು ನೋಡಿದರು, ಒಳಗಿನ ಎಂಜಿನ್ ನೋಡಿದರು. ನಾನು ಬಡಿಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಜನ ಹೋಗುತ್ತಾರಲ್ಲ.

ಮಾವ ಮೊರವನ್ನು ಮಗಳ ಕೈಗೆ ಕೊಟ್ಟು, ಪಂಚೆ ಎತ್ತಿ ಕಟ್ಟಿ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ತಾ ಇಲ್ಲಿ," ಅಂದರು. "ಬೆಳಗ್ಗಿಂದ ಉಂಡಂಗಿಲ್ಲ ನೀನು. ಹೋಗಿ ಉಂಡ್ಕೊಂಡ್ ಬಾ. ಅಲ್ಲೀಗಂಟ ನಾನು ಓಡಿಸ್ತೀನಿ."

ಏಟು ತಪ್ಪದ ಹಾಗೆ ಕೋಲು ಕೈ ಬದಲಾಯಿತು. ಮಂಡಕಳ್ಳಿಯ ಮಾತು ಮತ್ತೆ ಬರಲಿಲ್ಲ. ಮಾವನ ಏಟು ನನ್ನದಕ್ಕಿಂತ ಗಟ್ಟಿಯಾಗಿತ್ತು. ನಾನು ಮುದ್ದೆ ನುಂಗುವಷ್ಟರಲ್ಲಿ ಹೊಸದಾಗಿ ಇನ್ನೂ ಒಂದು ಬೀದಿಯ ಹೆಂಗಸರು ಬಂದು ನಿಂತಿದ್ದರು.